ಮನೆ ಪತ್ರ ಬ್ಯಾಂಕಿಗೆ ಕೊಡುವ ಮುಂಚೆ: ಫಿಸಿಯೋಥೆರಪಿ ಸೀಟಿನ ಒಂದು ಪ್ರಕರಣ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

2024ರ ಜೂನ್‌ನಲ್ಲಿ ಹಾವೇರಿ ಕಡೆಯ ಒಂದು ಕುಟುಂಬ ಮಗಳ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂತು. ಮಗಳನ್ನು ಕಾವ್ಯ ಅನ್ನೋಣ. ಪಿಯುಸಿ ಸೈನ್ಸ್ ಮುಗಿಸಿದ್ದಳು. ಅಪ್ಪ ಗೂಡ್ಸ್ ಗಾಡಿ ಓಡಿಸುತ್ತಾರೆ, ಅಮ್ಮ ಆಶಾ ಕಾರ್ಯಕರ್ತೆ. ಅಪ್ಪನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮನೆ ಪತ್ರ. ನನ್ನ ಜೊತೆ ಮಾತು ಮುಗಿಸಿ ಅಲ್ಲಿಂದ ನೇರ ಬ್ಯಾಂಕಿಗೆ ಹೋಗುವವರಿದ್ದರು.

ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಅಂತ ಏಜೆಂಟ್ ಒಬ್ಬ ಹೇಳಿದ್ದ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 2 ಲಕ್ಷ. ವಾರದೊಳಗೆ ಅಡ್ವಾನ್ಸ್ ಕಟ್ಟದಿದ್ದರೆ ಸೀಟು ಹೋಗುತ್ತದಂತೆ. "ಸ್ಕೋಪ್ ಭಾಳ ಐತಂತ್ರಿ ಮೇಡಂ, ಮುಗಿಸಿದ ಕೂಡ್ಲೇ ಕೈತುಂಬ ಪಗಾರ," ಅಂದರು ಅಪ್ಪ. ಅಮ್ಮನಿಗೆ ಮಗಳು ನರ್ಸಿಂಗ್ ಮಾಡಲಿ ಅಂತ ಆಸೆ. ಕಾವ್ಯ ಇಬ್ಬರ ನಡುವೆ ತಲೆ ತಗ್ಗಿಸಿ ಕೂತಿದ್ದಳು.

ಮೊದಲು ಅವಳನ್ನೇ ಕೇಳಿದೆ, ಫಿಸಿಯೋಥೆರಪಿ ಯಾಕಮ್ಮ? ಖೋ ಖೋ ಆಡುವಾಗ ಮಂಡಿ ತಿರುಚಿ ಆರು ತಿಂಗಳು ಕೋಲು ಹಿಡಿದು ನಡೆದಿದ್ದಳಂತೆ. ಮತ್ತೆ ಓಡುವ ಹಾಗೆ ಮಾಡಿದ್ದು ಒಬ್ಬ ಫಿಸಿಯೋ ಅಕ್ಕ. ಅದನ್ನು ಹೇಳುವಾಗಲೇ ಅವಳು ಮೊದಲ ಸಲ ತಲೆ ಎತ್ತಿದ್ದು. ಯಾರೋ ಹೇಳಿಕೊಟ್ಟ ಆಸೆ ಅದಲ್ಲ ಅಂತ ನನಗೆ ಗೊತ್ತಾಯಿತು. ಹಾಗಾಗಿ ಕೋರ್ಸ್ ಬದಲಿಸು ಅನ್ನಲಿಲ್ಲ. ಲೆಕ್ಕ ಮಾಡೋಣ ಬಾ ಅಂದೆ.

ಆಗ ಕೋರ್ಸ್ ನಾಲ್ಕು ವರ್ಷ, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿದು ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ವರ್ಷಕ್ಕೆ 2 ಲಕ್ಷದಂತೆ 8 ಲಕ್ಷ ಸಾಲ, ಬಡ್ಡಿ 10% ಅಂತ ಇಟ್ಟುಕೊಂಡೆವು. ಮೊದಲ 2 ಲಕ್ಷಕ್ಕೆ ಐದೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕೂವರೆ, ಹೀಗೆ ಕೂಡುತ್ತಾ ಹೋದರೆ ಬಡ್ಡಿಯೇ 3.2 ಲಕ್ಷ. ಅಂದರೆ ಕಂತು ಶುರುವಾಗುವ ದಿನ ಸಾಲ 11.2 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,800 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೂ 12,000.

ಇನ್ನು ಸಂಬಳದ ಕಡೆ. ಏಜೆಂಟ್ ಮಾತು ಬಿಡು, ಓದಿ ಮುಗಿಸಿದವರನ್ನೇ ಕೇಳು ಅಂದೆ. ಕಾವ್ಯ ಪರಿಚಯದವರ ಮೂಲಕ ಮೂವರು ಸೀನಿಯರ್‌ಗಳಿಗೆ ಫೋನ್ ಮಾಡಿದಳು. ಒಬ್ಬಳಿಗೆ ದಾವಣಗೆರೆಯ ಕ್ಲಿನಿಕ್‌ನಲ್ಲಿ 16,000. ಇನ್ನೊಬ್ಬನಿಗೆ ಹುಬ್ಬಳ್ಳಿಯಲ್ಲಿ 18,000. ಮೂರನೆಯವಳು ಬೆಂಗಳೂರಿನಲ್ಲಿ 21,000 ತಗೊಳ್ಳುತ್ತಾಳೆ, ಪಿಜಿ ವಸತಿಗೇ 8,000 ಹೋಗುತ್ತದೆ. ಅನುಭವ ಬಂದಂತೆ, ಮನೆಗೆ ಹೋಗಿ ಚಿಕಿತ್ಸೆ ಕೊಡಲು ಶುರು ಮಾಡಿದಂತೆ ಆದಾಯ ಏರುತ್ತದೆ ಅಂತಲೂ ಅವರು ಹೇಳಿದರು. ನಿಜ. ಆದರೆ ಕಂತು ಮೊದಲ ಸಂಬಳದ ಕಾಲದಲ್ಲೇ ಶುರುವಾಗುತ್ತದೆ ಅಲ್ವಾ?

18,000 ಸಂಬಳ, 14,800 ಕಂತು. ಎರಡನ್ನೂ ಒಂದೇ ಹಾಳೆಯಲ್ಲಿ ದೊಡ್ಡದಾಗಿ ಬರೆದಿಟ್ಟೆ. ಅಪ್ಪ ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ ಕವರನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡರು.

ಮೊದಲ ಸಂಬಳದ ಕಾಲು ಭಾಗಕ್ಕಿಂತ ಕಂತು ಜಾಸ್ತಿ ಆಗಬಾರದು ಅಂತ ನಾನು ಎಲ್ಲ ಕುಟುಂಬಗಳಿಗೂ ಹೇಳುತ್ತೇನೆ. ಇದು ಯಾವ ಬ್ಯಾಂಕಿನ ನಿಯಮವೂ ಅಲ್ಲ. ಕಂತಿನ ಭಯಕ್ಕೆ ಸಿಕ್ಕ ಕೆಲಸಕ್ಕೆ ಜೋತುಬಿದ್ದು, ಕಲಿಯುವ ವಯಸ್ಸಿನಲ್ಲಿ ಕಲಿಯಲಾಗದೆ ಸೊರಗಿದ ಮಕ್ಕಳನ್ನು ನೋಡಿ ನಾನು ಹಾಕಿಕೊಂಡ ಗೆರೆ. ಕಾವ್ಯಳಿಗೆ ಅದು 4,500 ರೂಪಾಯಿ. ಅಂದರೆ ಹತ್ತು ವರ್ಷದಲ್ಲಿ ತೀರಿಸಲು, ಕಂತು ಶುರುವಾಗುವಾಗ ಸಾಲ ಸುಮಾರು 3.4 ಲಕ್ಷದ ಒಳಗಿರಬೇಕು.

ಹಾಗಾದರೆ ತಪ್ಪಿರುವುದು ಫಿಸಿಯೋಥೆರಪಿಯಲ್ಲಲ್ಲ, ಆ ಸೀಟಿನ ಬೆಲೆಯಲ್ಲಿ. ಸರ್ಕಾರದ ಮೂಲಕ ಸೀಟು ಹಂಚುವ ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅವಳು ಅರ್ಜಿ ಹಾಕಿದ್ದಳು, ಸೀಟು ಹಂಚಿಕೆ ಇನ್ನೂ ಆಗಿರಲಿಲ್ಲ. ಅದಕ್ಕೂ ಮುಂಚೆ ಅಡ್ವಾನ್ಸ್ ಕಟ್ಟಿಸಿಕೊಳ್ಳಬೇಕು ಅಂತಲೇ ಏಜೆಂಟ್‌ಗೆ ಆ ಅವಸರ. ಒಂದು ಪೈಸೆ ಕೊಡಬೇಡಿ, ಹಂಚಿಕೆ ಮುಗಿಯುವ ತನಕ ಕಾಯಿರಿ ಅಂದೆ. ಹುಬ್ಬಳ್ಳಿ, ದಾವಣಗೆರೆಯ ಕಾಲೇಜುಗಳನ್ನು ಆಯ್ಕೆ ಪಟ್ಟಿಯಲ್ಲಿ ಮೇಲೆ ಹಾಕಿ, ಸರ್ಕಾರದ ಬಿಸಿಎಂ ಹಾಸ್ಟೆಲ್‌ಗೆ ಈಗಲೇ ಕಾಗದ ಜೋಡಿಸಿ ಅಂದೆ. ಹಾಸ್ಟೆಲ್ ಸಿಕ್ಕರೆ ಊಟ, ವಸತಿಯ ಖರ್ಚೇ ಇಳಿಯುತ್ತದೆ.

ಬ್ಯಾಂಕಿನ ವಿಷಯವನ್ನೂ ಬಿಡಿಸಿ ಹೇಳಿದೆ. ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. 4 ಲಕ್ಷದ ಒಳಗಿದ್ದರೆ ಸಾಮಾನ್ಯವಾಗಿ ಅಡವೂ ಬೇಡ, ಹೊರಗಿನವರ ಜಾಮೀನೂ ಬೇಡ, ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಿದರೆ ಸಾಕು. ಕುಟುಂಬದ ವರ್ಷದ ಆದಾಯ 4.5 ಲಕ್ಷದ ಒಳಗಿದ್ದರೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ ಇದೆ. ಆದರೆ ಎಲ್ಲ ಕಾಲೇಜಿಗೂ ಅದು ಅನ್ವಯಿಸುವುದಿಲ್ಲ. ಕಾಲೇಜಿನ ಹೆಸರು, ಸೀಟು ಯಾವ ಕೋಟಾದ್ದು, ಎರಡನ್ನೂ ಮ್ಯಾನೇಜರ್‌ಗೆ ಹೇಳಿ, ಸಬ್ಸಿಡಿ ಸಿಗುತ್ತದೋ ಇಲ್ಲವೋ ಕೇಳಿಕೊಂಡೇ ಸೇರಿ ಅಂದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಅಂದೇ ಅರ್ಜಿ ಹಾಕಿಸಿದೆ.

ಅಮ್ಮನ ಮಾತನ್ನು ನಾನು ತಳ್ಳಿಹಾಕಲಿಲ್ಲ. ಸರ್ಕಾರಿ ಕೆಲಸದ ದಾರಿ ನರ್ಸಿಂಗ್‌ನಲ್ಲಿ ಹೆಚ್ಚು ಅಗಲ. ಏಮ್ಸ್‌ನ ನೇಮಕಾತಿ ಪರೀಕ್ಷೆ ನಾರ್ಸೆಟ್ ಪಾಸಾಗಿ ಕೆಲಸಕ್ಕೆ ಸೇರಿದ ನರ್ಸಿಂಗ್ ಆಫೀಸರ್‌ಗೆ ಮೂಲ ವೇತನವೇ 44,900. ಫಿಸಿಯೋಗಳಿಗೆ ಸರ್ಕಾರಿ ಹುದ್ದೆ ಕಡಿಮೆ. ಇದನ್ನು ಕಾವ್ಯಳ ಮುಂದೆಯೇ ಹೇಳಿದೆ. ಗೊತ್ತಿದ್ದೇ ಆರಿಸಿಕೊಳ್ಳಲಿ ಅಂತ. ಅವಳು ಎರಡು ದಿನ ಯೋಚಿಸಿ ಬಂದಳು. "ನರ್ಸಿಂಗ್ ಕೆಟ್ಟದ್ದಲ್ಲ ಮೇಡಂ. ಆದ್ರ ನನಗ ಜನ ಮತ್ತ ನಡೆಯೋದನ್ನ ನೋಡಬೇಕು," ಅಂದಳು. ಅಮ್ಮ ಸುಮ್ನೆ ಅವಳ ಬೆನ್ನು ಸವರಿದರು.

ಕೆಇಎ ಮೂಲಕ ಅವಳಿಗೆ ಮನೆಗೆ ಹತ್ತಿರದ ಊರಿನಲ್ಲೇ ಸೀಟು ಸಿಕ್ಕಿತು. ಫೀಸು ಏಜೆಂಟ್ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಬಿಸಿಎಂ ಹಾಸ್ಟೆಲ್ ಮೊದಲ ಪಟ್ಟಿಯಲ್ಲಿ ಬರಲಿಲ್ಲ, ಎರಡು ತಿಂಗಳು ಬಸ್ಸಿನಲ್ಲಿ ಓಡಾಡಿದಳು. ನಾಲ್ಕು ವರ್ಷಕ್ಕೆ 3.5 ಲಕ್ಷ ಸಾಲ ಮಂಜೂರಾಗಿದೆ. ಬಡ್ಡಿ ಸಬ್ಸಿಡಿ ಸರಿಯಾಗಿ ಬಂದರೆ ಕಂತು 4,600ರ ಹತ್ತಿರ ನಿಲ್ಲುತ್ತದೆ. ನನ್ನ ಗೆರೆಗಿಂತ ನೂರು ರೂಪಾಯಿ ಜಾಸ್ತಿ. ಅಷ್ಟಕ್ಕೆ ನಾನು ಬೇಡ ಅನ್ನಲಿಲ್ಲ.

ಮೊನ್ನೆ ಕಾವ್ಯ ಮೆಸೇಜ್ ಮಾಡಿದ್ದಳು. ಬಿಪಿಟಿ ಮುಗಿದ ಮೇಲೆ ಎರಡು ವರ್ಷದ ಸ್ನಾತಕೋತ್ತರ ಎಂಪಿಟಿಯನ್ನೂ ಸಾಲದಲ್ಲೇ ಮಾಡಲಾ ಅಂತ. ಮೊದಲು ಎರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡು, ಯಾವ ವಿಭಾಗ ನಿನ್ನ ಕೈಗೆ ಒಗ್ಗುತ್ತದೆ ನೋಡು, ಆಮೇಲೆ ಅದೇ ಹಾಳೆ ತಗೊಂಡು ಬಾ ಅಂತ ಬರೆದೆ. ಹಾಳೆ ಇನ್ನೂ ಅವಳ ಹತ್ತಿರ ಇದೆಯಂತೆ. ಮನೆ ಪತ್ರ ಟ್ರಂಕಿನಲ್ಲಿದೆ.