ಕಣಜದ ಭತ್ತಕ್ಕೆ ಪತಂಗ, ಡಬ್ಬಿಯ ಅಲಸಂದೆಗೆ ಹುಳು

ಪ್ರಶ್ನೆ: ನಮ್ಮದು ಅಘನಾಶಿನಿ ನದಿಯ ಬದಿಯ ಊರು. ಕೊಯ್ಲಾದ ಭತ್ತವನ್ನು ಒಣಗಿಸಿ ಅರ್ಧವನ್ನು ಮರದ ಕಣಜದಲ್ಲಿಯೂ ಉಳಿದದ್ದನ್ನು ಗೋಣಿಚೀಲಗಳಲ್ಲಿಯೂ ಇಡುತ್ತೇವೆ. ಯುಗಾದಿಯ ಹೊತ್ತಿಗೆ ಚೀಲ ಮುಟ್ಟಿದರೆ ಸಾಕು, ಒಣಹುಲ್ಲಿನ ಬಣ್ಣದ ಸಣ್ಣ ಪತಂಗಗಳು ಏಳುತ್ತವೆ. ಕಾಳುಗಳಲ್ಲಿ ದುಂಡನೆಯ ತೂತುಗಳಿರುತ್ತವೆ. ಪರಿಚಿತರೊಬ್ಬರು ಗುಳಿಗೆ ಇಡಲು ಹೇಳಿದ್ದಾರೆ. ಇಡಬಹುದೇ?
– ಓದುಗರೊಬ್ಬರು, ಕುಮಟಾ ತಾಲೂಕು

ಉತ್ತರ: ಗುಳಿಗೆಯ ಮಾತನ್ನು ಮೊದಲು ಮುಗಿಸೋಣ. ದಯವಿಟ್ಟು ಇಡಬೇಡಿ. ಅವರು ಹೇಳಿರುವುದು ಬಹುಶಃ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಗುಲಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಆ ಅನಿಲ ಮರದ ಸಂದುಗಳಿಂದ ಪಕ್ಕದ ಕೋಣೆಗೆ ನುಸುಳಿದರೆ ಅಲ್ಲಿ ಮಲಗಿದವರ ಜೀವಕ್ಕೇ ಅಪಾಯ, ಮತ್ತು ಅದಕ್ಕೆ ಪ್ರತಿವಿಷವಿಲ್ಲ. ಸರ್ಕಾರಿ ಉಗ್ರಾಣಗಳು ಹಾಗೂ ಪರವಾನಗಿ ಪಡೆದ ಕೀಟನಿಯಂತ್ರಕರ ಹೊರತಾಗಿ ಬೇರೆಯವರಿಗೆ ಅದನ್ನು ಮಾರುವಂತಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂಬುದು ಮನೆಯೊಳಗೆ ಬಳಸಲು ಕಾರಣವಾಗದು.

ನಿಮ್ಮ ವಿವರಣೆಯಂತೆ ಇದು ಭತ್ತದ ಪತಂಗ. ಇದು ಕಣಜದಲ್ಲಿ ಹುಟ್ಟಿದ್ದೆಂದು ನಾವು ಭಾವಿಸುತ್ತೇವೆ, ಆದರೆ ಹಲವು ಬಾರಿ ತೆನೆ ಬಲಿಯುವಾಗಲೇ ಗದ್ದೆಯಲ್ಲಿ ಮೊಟ್ಟೆ ಬಿದ್ದು, ಕೊಯ್ಲಿನೊಂದಿಗೆ ಮನೆಗೆ ಬಂದಿರುತ್ತದೆ. ಮರಿಹುಳು ಸಿಪ್ಪೆಯ ಸಂದಿನಿಂದ ಕಾಳಿನೊಳಗೆ ಸೇರಿ, ಒಳಗಿನದನ್ನು ತಿಂದು, ಕೋಶಾವಸ್ಥೆಗೆ ಹೋಗುವ ಮುನ್ನ ಹೊರಬರುವ ದಾರಿಯನ್ನು ದುಂಡಗೆ ಕೊರೆದಿಡುತ್ತದೆ. ನೀವು ನೋಡಿದ ತೂತು ಅದೇ. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ತಲೆಮಾರು ಮುಗಿಯಲು ಸುಮಾರು ಐದು ವಾರ ಸಾಕು. ಆದ್ದರಿಂದಲೇ ಸುಗ್ಗಿಯಲ್ಲಿ ಕಣ್ಣಿಗೆ ಬೀಳದ ಹುಳು ಯುಗಾದಿಗೆ ಹಿಂಡಾಗಿ ಏಳುತ್ತದೆ.

ಈ ಪತಂಗಕ್ಕೆ ಭತ್ತದ ರಾಶಿಯ ಆಳಕ್ಕೆ ಇಳಿಯುವ ಶಕ್ತಿಯಿಲ್ಲ. ಹಾನಿಯೆಲ್ಲ ಹೆಚ್ಚಾಗಿ ಮೇಲಿನ ಒಂದು ಅಡಿಯಲ್ಲಿಯೇ ಇರುತ್ತದೆ. ಹೀಗಾಗಿ ಕಣಜದ ಮೇಲ್ಪದರವನ್ನು ತೆಗೆದು, ಬಿಸಿಲಿಗೆ ಹಾಕಿ, ಕೂಡಲೇ ಗಿರಣಿಗೆ ಕೊಟ್ಟುಬಿಡಿ. ಕೆಳಗಿನ ಭತ್ತದೊಂದಿಗೆ ಮತ್ತೆ ಬೆರೆಸಬೇಡಿ. ಗೋಣಿಚೀಲಕ್ಕೆ ಸುತ್ತಲೂ ಹೊರಮೈ ಇರುವುದರಿಂದ ಅಲ್ಲಿ ಈ ಅನುಕೂಲವಿಲ್ಲ, ಆ ಭತ್ತವನ್ನು ಮೊದಲು ಉಣ್ಣುವುದೇ ಜಾಣತನ.

ಮುಂದಿನ ಸುಗ್ಗಿಗೆ ತೇವಾಂಶ ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದಾಗ ಕಟ್ಟೆಂದು ಮುರಿಯಬೇಕು ಎಂಬ ಹಿರಿಯರ ಪರೀಕ್ಷೆ ಬಹುಮಟ್ಟಿಗೆ ಸರಿಯಾದದ್ದೇ. ಅಂಗಳದಲ್ಲಿ ತೆಳುವಾಗಿ ಹರವಿ, ಇಬ್ಬನಿ ಬೀಳುವ ಮೊದಲು ಒಟ್ಟುಗೂಡಿಸಿ, ನೆರಳಿನಲ್ಲಿ ಆರಿಸಿದ ಮೇಲಷ್ಟೇ ತುಂಬಿ; ಬಿಸಿಯಾಗಿಯೇ ತುಂಬಿದರೆ ಒಳಗೆ ಬೆವರುತ್ತದೆ. ತುಂಬುವ ಮುನ್ನ ಕಣಜದ ಮೂಲೆ, ಸಂದುಗಳಲ್ಲಿರುವ ಹಳೆಯ ಕಾಳನ್ನು ಗುಡಿಸಿ ಸುಡಿ, ಹಳೆಯ ಚೀಲಗಳನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿ. ಇಷ್ಟು ಶ್ರಮಪಟ್ಟು ಒಣಗಿಸಿದ ಭತ್ತವೂ ಜೂನ್ ನಂತರದ ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಮಳೆಗಾಲ ದಾಟಿಸಬೇಕಾದ ಭತ್ತಕ್ಕೆ ಗಾಳಿಯಾಡದ, ಒಳಗೆ ದಪ್ಪ ಪ್ಲಾಸ್ಟಿಕ್ ಪದರವಿರುವ ಚೀಲಗಳು ಉತ್ತಮ. ಬಾಯಿ ಬಿಗಿದ ಮೇಲೆ ಒಳಗಿನ ಆಮ್ಲಜನಕ ತೀರಿ ಹುಳುಗಳು ತಾವಾಗಿಯೇ ಸಾಯುತ್ತವೆ. ಬೇವಿನ ಎಲೆ, ಲಕ್ಕಿ ಸೊಪ್ಪು ಹಾಕುವುದಾದರೆ ಚೆನ್ನಾಗಿ ಒಣಗಿಸಿ ಹಾಕಿ, ಹಸಿ ಸೊಪ್ಪು ತೇವವನ್ನೇ ಸೇರಿಸುತ್ತದೆ. ಅವು ಹುಳುವನ್ನು ದೂರವಿಡಲು ನೆರವಾಗಬಹುದೇ ಹೊರತು, ಕಾಳಿನೊಳಗೆ ಸೇರಿದ್ದನ್ನು ಕೊಲ್ಲಲಾರವು.

ಪ್ರಶ್ನೆ: ಗದ್ದೆಯ ಹಿಂಗಾರಿ ಅಲಸಂದೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೂ ಎರಡು ತಿಂಗಳಲ್ಲಿ ತೂತಾಗುತ್ತದೆ. ಬಿತ್ತನೆಗೆ ಉಳಿಸುವುದು ಹೇಗೆ?
– ಓದುಗರೊಬ್ಬರು, ಕಾರವಾರ

ಉತ್ತರ: ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕೆಗಳನ್ನು ನೋಡಿರಬಹುದು, ಅವು ದ್ವಿದಳ ಧಾನ್ಯದ ಹುಳುವಿನ ಮೊಟ್ಟೆಗಳು. ಇವೂ ಹೊಲದಲ್ಲಿ ಕಾಯಿಯ ಮೇಲೆಯೇ ಬಿದ್ದಿರಬಹುದು. ಚೆನ್ನಾಗಿ ಒಣಗಿಸಿದ ಕಾಳಿಗೆ ಕಿಲೋವೊಂದಕ್ಕೆ 5 ಮಿಲಿಲೀಟರಿನಂತೆ ಶೇಂಗಾ ಎಣ್ಣೆ ಅಥವಾ ಹರಳೆಣ್ಣೆಯನ್ನು ಎಲ್ಲ ಕಾಳಿಗೂ ತಾಗುವಂತೆ ಉಜ್ಜಿದರೆ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಡಬ್ಬಿಯ ಮೇಲ್ಭಾಗದಲ್ಲಿ ಎರಡು ಬೆರಳಿನಷ್ಟು ಒಣ ಮರಳನ್ನು ಹರವುವ ಹಳೆಯ ಕ್ರಮವೂ ಒಳ್ಳೆಯದೇ. ಆದರೆ ಕಡಲತೀರದ ಮರಳು ಬೇಡ, ಅದರ ಉಪ್ಪು ತೇವವನ್ನು ಎಳೆಯುತ್ತದೆ. ಹೊಳೆಯ ಮರಳನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ ಬಳಸಿ.