ಭತ್ತ ಸಾಗಿಸಲು ಡೀಸೆಲ್ಲೋ, ಸಿಎನ್‌ಜಿಯೋ?

ಪ್ರಶ್ನೆ: ಕಾರಟಗಿ ಸುತ್ತಲಿನ ಗದ್ದೆಗಳಿಂದ ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಭತ್ತದ ಚೀಲಗಳನ್ನು ಸಾಗಿಸಲು ಸಣ್ಣ ಲಾರಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಡೀಸೆಲ್ ಗಾಡಿ ಒಳ್ಳೆಯದೋ, ಸಿಎನ್‌ಜಿಯದೋ? ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಕಾರಟಗಿ

ಉತ್ತರ: ನಿಮ್ಮ ಕೆಲಸಕ್ಕೆ ನನ್ನ ಒಲವು ಡೀಸೆಲ್ ಕಡೆಗಿದೆ. ಗಾಳಿಯನ್ನು ಬಲವಾಗಿ ಒತ್ತಿ, ಆ ಬಿಸಿಯಿಂದಲೇ ಇಂಧನವನ್ನು ಉರಿಸುವ ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲಿಯೂ ಚೆನ್ನಾಗಿ ಎಳೆಯುವುದರಿಂದ, ತುಂಬಿದ ಗಾಡಿಯನ್ನು ಕಾಲುವೆ ಬದಿಯ ಕಚ್ಚಾ ದಾರಿಯಿಂದ ಡಾಂಬರು ರಸ್ತೆಗೆ ಹತ್ತಿಸುವುದು ಸುಲಭ. ಸಿಎನ್‌ಜಿಯಲ್ಲಿ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲದಲ್ಲಿ, ಇಂಧನದ ಖರ್ಚು ಕಡಿಮೆ ಬೀಳಬಹುದು. ಆದರೆ ಸುಮಾರು 200 ಬಾರ್ ಒತ್ತಡವನ್ನು ತಾಳಬೇಕಾದ ಸಿಲಿಂಡರುಗಳು ತಾವೇ ಭಾರವಾಗಿದ್ದು, ಹೊರಬಹುದಾದ ಸರಕಿನಲ್ಲಿ ಅಷ್ಟನ್ನು ಕಳೆಯುತ್ತವೆ, ಮತ್ತು 3 ವರ್ಷಕ್ಕೊಮ್ಮೆ ಅವುಗಳ ಪರೀಕ್ಷೆಯನ್ನೂ ಮಾಡಿಸಬೇಕು. ಸುಗ್ಗಿಯಲ್ಲಿ ಗಿರಣಿಯ ಮುಂದೆ ಕಾಯುವುದೇ ಸಾಕಾಗಿರುವಾಗ ಗ್ಯಾಸ್ ಬಂಕಿನ ಸಾಲನ್ನೂ ಸೇರಿಸಿಕೊಳ್ಳುವುದೇಕೆ?

ಡೀಸೆಲ್‌ಗೂ ಒಂದು ತೊಡಕಿದೆ. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6 ಎಂಬ ಹೊಗೆ ಮಿತಿಯ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇದ್ದು, ಎಂಜಿನ್ ಚೆನ್ನಾಗಿ ಬಿಸಿಯಾಗದಂತಹ ಚಿಕ್ಕ ಓಡಾಟಗಳಲ್ಲೇ ದಿನ ಕಳೆದರೆ ಅದು ಕಟ್ಟಿಕೊಳ್ಳುತ್ತದೆ. ಪಟ್ಟಣದೊಳಗಿನ ಅಂಗಡಿಗಳಿಗೆ ಹಗುರವಾದ ಸರಕನ್ನಷ್ಟೇ ಮುಟ್ಟಿಸುವ ಕೆಲಸವಾಗಿದ್ದರೆ ನಾನು ಸಿಎನ್‌ಜಿಯನ್ನೇ ಹೇಳುತ್ತಿದ್ದೆ.