ಹಳೇ ಕ್ಯೂಎಮುಗೆ ಹೊಸ ರಿಜಿಸ್ಟರ್ ಬೇಡವಂತೆ!

ಪ್ರಶ್ನೆ: ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವ ಸಾಫ್ಟ್‌ವೇರ್ ಕ್ಯೂಎಮುನಲ್ಲಿ (QEMU) ಒಂದು ಡಿವೈಸ್‌ಗೆ ಹೊಸ ರಿಜಿಸ್ಟರ್ (ಮೌಲ್ಯ ಹಿಡಿದಿಡುವ ಜಾಗ) ಸೇರಿಸಿ, ಆ ಡಿವೈಸ್‌ನ ಸ್ಥಿತಿಯನ್ನು ಕಳಿಸುವ ನಮೂನೆಯ ವರ್ಷನ್ ಐಡಿಯನ್ನು 2ರಿಂದ 3ಕ್ಕೆ ಏರಿಸಿದೆ. ಹಳೇ ಕ್ಯೂಎಮುನಿಂದ ಹೊಸದಕ್ಕೆ ವಿಎಂ ಮೈಗ್ರೇಟ್ ಆಗುತ್ತದೆ (ಅಂದರೆ ಸ್ಥಿತಿ ಸಮೇತ ಸ್ಥಳಾಂತರ), ವಾಪಸ್ ಹೋಗುತ್ತಿಲ್ಲ. ಯಾಕೆ ಸಾರ್?

ಉತ್ತರ: ಹಳೇ ಕ್ಯೂಎಮುಗೆ 3 ಗೊತ್ತೇ ಇಲ್ಲವಲ್ಲ, ಬಾಗಿಲಲ್ಲೇ ತಡೆಯುತ್ತದೆ. ನಂಬರನ್ನು 2ಕ್ಕೇ ಇಳಿಸಿ. ಹೊಸ ರಿಜಿಸ್ಟರಿನ ಫೀಲ್ಡನ್ನು ಸಬ್‌ಸೆಕ್ಷನ್‌ಗೆ (ಬೇಕಾದಾಗ ಮಾತ್ರ ಕಳಿಸುವ ಐಚ್ಛಿಕ ತುಂಡು) ಹಾಕಿ, ಅದನ್ನು ಕಳಿಸಬೇಕೋ ಬೇಡವೋ ಹೇಳುವ ನೀಡೆಡ್ ಫಂಕ್ಷನ್ ಬರೆಯಿರಿ. ರಿಜಿಸ್ಟರ್ ಇನ್ನೂ ರೀಸೆಟ್ ವ್ಯಾಲ್ಯೂನಲ್ಲೇ (ಆರಂಭದ ಮೌಲ್ಯ) ಇದ್ದರೆ ಆ ಫಂಕ್ಷನ್ ಫಾಲ್ಸ್ ಕೊಡಲಿ, ಆಗ ಆ ತುಂಡು ಮೈಗ್ರೇಷನ್ ಸ್ಟ್ರೀಮಿಗೆ ಹೋಗುವುದೇ ಇಲ್ಲ, ಹಳೆಯದಕ್ಕೆ ಸುಳಿವೂ ಸಿಗಲ್ಲ. ಗೆಸ್ಟ್ (ವಿಎಂ ಒಳಗೆ ಓಡುವ ಸಿಸ್ಟಮ್) ಆ ರಿಜಿಸ್ಟರನ್ನು ಬದಲಿಸಿದ್ದರೆ ಮಾತ್ರ ಹಳೆಯದಕ್ಕೆ ಮೈಗ್ರೇಷನ್ ಫೇಲ್ ಆಗುತ್ತದೆ. ಸದ್ದಿಲ್ಲದೆ ಡೇಟಾ ಕಳೆದುಹೋಗುವುದಕ್ಕಿಂತ ಅದೇ ವಾಸಿ, ಅಲ್ವಾ? ಗೆಸ್ಟ್ ಯಾವಾಗಲೂ ಬದಲಿಸುವಂಥ ರಿಜಿಸ್ಟರ್ ಆದರೆ ಡಿವೈಸ್‌ಗೆ ಒಂದು ಪ್ರಾಪರ್ಟಿ (ಆನ್/ಆಫ್ ಸೆಟ್ಟಿಂಗ್) ಇಟ್ಟು, ಹಳೇ ಮಷಿನ್ ಟೈಪ್‌ಗಳಲ್ಲಿ (ಹಳೇ ವರ್ಷನ್‌ನ ಯಂತ್ರದ ಮಾದರಿಗಳು) ಆಫ್ ಮಾಡಿ. ಸಬ್‌ಸೆಕ್ಷನ್ ಬರದಿದ್ದರೆ ಬೇಕಾಗುವ ಡಿಫಾಲ್ಟನ್ನು ಪ್ರೀ ಲೋಡ್‌ನಲ್ಲಿ (ಸ್ಥಿತಿ ಓದುವ ಮೊದಲು ಓಡುವ ಫಂಕ್ಷನ್) ತುಂಬಲು ಮರೀಬೇಡಿ.